ಡ್ಯೂಟಿ ಲಿಸ್ಟ್ ಬರೆಯುವ ಕೈ



ಈ ಉಪನ್ಯಾಸಕ್ಕೆ ಕರೆಯಲು ಮನೆಗೆ ಬಂದವರು ವಿಷಯ ಏನಿರಲಿ ಎಂದು ಕೇಳಿದರು. "ಮೇಟ್ರನ್‌ಗಳ ಹೊಟ್ಟೆಸಂಕಟ ಅಂತ ಹಾಕಿ" ಎಂದೆ. ಸಭ್ಯರು, ನಕ್ಕು ಕಾಫಿ ಕುಡಿದು ಹೋದರು. ಆಮಂತ್ರಣ ಪತ್ರಿಕೆ ಬಂದಾಗ ನೋಡಿದರೆ "ಶುಶ್ರೂಷಾ ನಾಯಕತ್ವದಲ್ಲಿ ನೈತಿಕ ಸ್ಥೈರ್ಯ" ಎಂದಿತ್ತು. ಹೊಟ್ಟೆಯೊಳಗಿನ ಮಾತು ಅಚ್ಚಿನ ಮನೆಗೆ ಹೋಗಿ ಬರುವಷ್ಟರಲ್ಲಿ ಇಸ್ತ್ರಿ ಮಾಡಿಸಿಕೊಂಡಿತ್ತು. ಇವತ್ತು ಆ ಇಸ್ತ್ರಿಯನ್ನು ಸ್ವಲ್ಪ ಕೆಡಿಸೋಣ ಎಂದುಕೊಂಡಿದ್ದೇನೆ.

ನಾನು ಹೊನ್ನಾವರದ ಕಡೆಯವಳು. 1979ರಲ್ಲಿ ಮದರಾಸಿಗೆ ಬಂದೆ. 39 ವರ್ಷ ಈ ಊರಿನಲ್ಲಿ ನರ್ಸ್ ಆಗಿ ದುಡಿದೆ, ಅದರಲ್ಲಿ ಕೊನೆಯ 12 ವರ್ಷ ಈ ಹಳೆ ಮಹಾಬಲಿಪುರಂ ರಸ್ತೆಯ ಆಸುಪಾಸಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್, ಹಳೆಯ ಮಾತಿನಲ್ಲಿ ಮೇಟ್ರನ್. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಗಳವರು "ಓ, ಅಲ್ಲಿಯ ಕತೆ" ಎಂದು ನೆಮ್ಮದಿಯಾಗಿ ಕೂತುಬಿಡುತ್ತಾರೆ. ಪೆರುಂಗುಡಿಯಲ್ಲೇ ಮನೆ ಮಾಡಿಕೊಂಡಿದ್ದೇನೆ. ಒಂದು ಕಡೆ ಗಾಜಿನ ಐಟಿ ಕಟ್ಟಡಗಳು, ಇನ್ನೊಂದು ಕಡೆ ಊರಿನ ಕಸ ಬಂದು ಬೀಳುವ ಮೈದಾನ. ನಡುವೆ ನೀರಿನ ಟ್ಯಾಂಕರ್ ಲಾರಿಗಳು. ಈ ಸಭಾಂಗಣಕ್ಕೆ ಬರುವಾಗಲೂ ನೀವು ಎರಡು ಲಾರಿಗೆ ದಾರಿ ಬಿಟ್ಟೇ ಬಂದಿರುತ್ತೀರಿ.

ಮೊದಲು ಒಂದು ಪದದ ಸಿಕ್ಕು ಬಿಡಿಸಬೇಕು. ನಮ್ಮಲ್ಲಿ ಧರ್ಮಸಂಕಟ ಎಂಬ ಒಳ್ಳೆಯ ಮಾತಿದೆ. ಎರಡು ದಾರಿಗಳಿವೆ, ಎರಡಕ್ಕೂ ನ್ಯಾಯವಿದೆ, ಯಾವುದನ್ನು ಹಿಡಿದರೂ ಇನ್ನೊಂದಕ್ಕೆ ಮೋಸ. ಆಗ ಮನುಷ್ಯ ಕಕ್ಕಾಬಿಕ್ಕಿಯಾಗುತ್ತಾನೆ. ನಾನು ಹೇಳಹೊರಟ ಸಂಕಟ ಅದಲ್ಲ. ಇಲ್ಲಿ ಯಾವುದು ಸರಿ ಎಂದು ಚೆನ್ನಾಗಿ ಗೊತ್ತಿರುತ್ತದೆ. ಮಾಡಲು ಕೈ ಮಾತ್ರ ಇರುವುದಿಲ್ಲ. ಅಥವಾ ಕೈಯನ್ನು ಯಾರೋ ಹಿಡಿದಿರುತ್ತಾರೆ. ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ತತ್ತ್ವಶಾಸ್ತ್ರದ ಮೇಷ್ಟರು 1984ರಲ್ಲಿ ನರ್ಸುಗಳಿಗಾಗಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಈ ಎರಡನ್ನೂ ಬೇರೆ ಮಾಡಿ ತೋರಿಸಿ, ಎರಡನೆಯದಕ್ಕೆ ಒಂದು ಹೆಸರು ಕೊಟ್ಟರು. ಅದನ್ನು ನೈತಿಕ ಯಾತನೆ ಎನ್ನೋಣ. ಸಂಸ್ಥೆಯ ಕಟ್ಟುಪಾಡು ಅಡ್ಡ ನಿಂತು, ಸರಿ ಎಂದು ಗೊತ್ತಿದ್ದದ್ದನ್ನು ಮಾಡಲು ಬಿಡದೇ ಇದ್ದಾಗ ಆಗುವ ನೋವು ಅದು.

ದ್ರೌಪದಿ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳಿದಾಗ ಭೀಷ್ಮರು ಧರ್ಮದ ಗತಿ ಬಲು ಸೂಕ್ಷ್ಮ ಎಂದರಂತೆ. ಎಳೆಯ ವಿಕರ್ಣನಿಗೆ ಅದರಲ್ಲಿ ಸೂಕ್ಷ್ಮ ಎಂಥದ್ದೂ ಕಾಣಲಿಲ್ಲ. ಭೀಷ್ಮರಿಗೂ ಕಾಣದೆ ಇದ್ದೀತೇ? ತಮ್ಮ ಯಾತನೆಯನ್ನು ಧರ್ಮಸಂಕಟದ ಶಾಲು ಹೊದಿಸಿ ಕೂರಿಸಿದರು ಅಷ್ಟೆ. ಆಸ್ಪತ್ರೆಗಳಲ್ಲಿ ನಾವೂ ಆ ಶಾಲನ್ನು ಬಹಳ ಬಳಸುತ್ತೇವೆ. "ಏನು ಮಾಡೋದು, ಕಷ್ಟದ ತೀರ್ಮಾನ" ಎನ್ನುತ್ತೇವೆ. ತೀರ್ಮಾನ ಕಷ್ಟದ್ದಾಗಿರುವುದಿಲ್ಲ. ಅದನ್ನು ಹೇಳುವುದು ಕಷ್ಟ.

ವಾರ್ಡಿನ ನರ್ಸಿಗೆ ಆಗುವ ಯಾತನೆಯ ಬಗ್ಗೆ ಈಗೀಗ ಮಾತು ಕೇಳಿಬರುತ್ತಿದೆ. ಬದುಕುವ ಆಸೆಯಿಲ್ಲದ ಮುದುಕರ ಗಂಟಲಿಗೆ ಕೊಳವೆ, ಹೊರಗೆ ಬೆಂಚಿನ ಮೇಲೆ ಬಳೆ ಅಡವಿಟ್ಟು ಬಂದ ಸೊಸೆ, ಒಳಗೆ ಗಂಟೆಗೊಮ್ಮೆ ರಕ್ತ ತೆಗೆಯುವ ಹುಡುಗಿ. ಅವಳಿಗೆ ಎಲ್ಲ ಗೊತ್ತಿರುತ್ತದೆ. ಆದರೆ ಅವಳಿಗಿಂತ ಎರಡು ಮೆಟ್ಟಿಲು ಮೇಲೆ, ಗಾಜಿನ ಬಾಗಿಲಿನ ಸಣ್ಣ ಕೋಣೆಯಲ್ಲಿ ಕೂತವಳ ಮೇಲೆ ಯಾರಿಗೂ ಕನಿಕರ ಬರುವುದಿಲ್ಲ. ಬರಬೇಕೆಂದು ನಾನೂ ಕೇಳುತ್ತಿಲ್ಲ. ಅವಳ ಯಾತನೆಯ ಜಾತಿ ಬೇರೆ ಎಂದಷ್ಟೇ ಹೇಳುತ್ತೇನೆ. ಅನ್ಯಾಯ ಮೇಲಿನಿಂದ ಬರುವಾಗ ಅದಕ್ಕೆ ಮುಖವಿರುವುದಿಲ್ಲ. ಬಜೆಟ್ ಎಂದೋ ಪಾಲಿಸಿ ಎಂದೋ ಅದರ ಹೆಸರು. ಕೆಳಗಿಳಿದು ವಾರ್ಡಿಗೆ ಹೋಗುವಾಗ ಮಾತ್ರ ಅದಕ್ಕೊಂದು ಕೈಬರಹ ಬೇಕಾಗುತ್ತದೆ. ಆ ಕೈಬರಹ ನಮ್ಮದು.

ಡ್ಯೂಟಿ ಲಿಸ್ಟ್ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರೋ. ಅದು ಚೌಕಳಿ ಹಾಳೆ. ಎಡಗಡೆ ಹೆಸರು, ಮೇಲೆ ತಾರೀಖು, ಒಳಗೆ ಮಾರ್ನಿಂಗ್, ಈವ್ನಿಂಗ್, ನೈಟ್, ಆಫ್ ಎಂದು ಒಂದೊಂದು ಅಕ್ಷರ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಐಸಿಯುವಿನಲ್ಲಿ ಒಂದೊಂದು ಪಾಳಿಗೂ ಒಬ್ಬ ರೋಗಿಗೆ ಒಬ್ಬ ನರ್ಸ್. ಇದರ ಮೇಲೆ ರಜೆ, ಕಾಯಿಲೆ, ಹೆರಿಗೆಗೆಂದು ನೂರಕ್ಕೆ 30 ಮಂದಿ ಹೆಚ್ಚಿಗೆ ಇರಬೇಕು. ನನ್ನ ಐಸಿಯುವಿನಲ್ಲಿ 18 ಹಾಸಿಗೆ. ರಾತ್ರಿ ಪಾಳಿಗೆ ನನ್ನ ಹತ್ತಿರ ಇದ್ದದ್ದು ಒಂಬತ್ತು ಹುಡುಗಿಯರು, ಪುಣ್ಯವಿದ್ದ ದಿನ. ಯಾರಿಗೆ ಎರಡು ರೋಗಿ, ಯಾರಿಗೆ ಮೂರು, ಯಾವ ರೋಗಿ ತಾನಾಗಿ ಉಸಿರಾಡುತ್ತಾನೆ, ಯಾರ ಪಕ್ಕದಲ್ಲಿ ಹೊಸಬಳನ್ನು ಬಿಡಬಹುದು ಎಂದು ಹಂಚುತ್ತಾ ಕೂತಾಗ, ಇವತ್ತು ಯಾರಿಗೆ ಸ್ವಲ್ಪ ಕಡಿಮೆ ಆರೈಕೆ ಸಿಗಲಿ ಎಂದು ನಾನು ಪೆನ್ಸಿಲ್ಲಿನಲ್ಲಿ ನಿಶ್ಚಯಿಸುತ್ತಿದ್ದೆ. ಪೆನ್ಸಿಲ್ ಯಾಕೆಂದರೆ ರಬ್ಬರ್ ಇದೆಯೆಂಬ ಧೈರ್ಯ.

ಆ ಹೆಚ್ಚಿಗೆಯ 30 ಮಂದಿಯ ಕಥೆ ಅರ್ಥವಾಗಬೇಕಾದರೆ ಪೆರುಂಗುಡಿಯವರು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಪಳ್ಳಿಕರಣೈ ಜೌಗು ಇದೆ. ಮೊದಲು ಅದು ಚದರ ಕಿಲೋಮೀಟರುಗಟ್ಟಲೆ ಹರಡಿತ್ತು. ದಕ್ಷಿಣ ಚೆನ್ನೈನ ಎಷ್ಟೋ ಕೆರೆಗಳ ಹೆಚ್ಚುವರಿ ನೀರು ಅಲ್ಲಿಗೆ ಬಂದು ಕೂತು, ನಿಧಾನವಾಗಿ ಸಮುದ್ರದ ಕಡೆ ಹೋಗುತ್ತಿತ್ತು. ಲೆಕ್ಕ ಬರೆಯುವವರ ಕಣ್ಣಿಗೆ ಅದು ಸುಮ್ಮನೆ ಬಿದ್ದ ಜಾಗ. ಒಂದು ಮೂಲೆಗೆ ಕಸ ಸುರಿದರು, ಉಳಿದ ಕಡೆ ರಸ್ತೆ, ಕಟ್ಟಡ. 2022ರಲ್ಲಿ ಉಳಿದ ತುಂಡಿಗೆ ರಾಮ್ಸರ್ ತಾಣದ ಮರ್ಯಾದೆ ಸಿಕ್ಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು, ನಾನು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಆಸ್ಪತ್ರೆಯಲ್ಲೂ ಸುಮ್ಮನೆ ಕೂತಂತೆ ಕಾಣುವ ಆ ಹೆಚ್ಚಿಗೆಯ ನರ್ಸುಗಳೇ ಜೌಗು. ಅವರನ್ನು ತೆಗೆದು ಲಾಭದ ಸೈಟು ಮಾಡಿಕೊಂಡ ಮೇಲೆ ಮಳೆ ಬಂದರೆ ಮನೆಗಳಿಗೆ ಸ್ಥೈರ್ಯದ ಬಗ್ಗೆ ಕಾರ್ಯಾಗಾರ ಮಾಡಿ ಏನು ಪ್ರಯೋಜನ?

ಮಳೆಯ ಮಾತು ಬಂತು. 2015ರ ಡಿಸೆಂಬರ್ 1ರ ರಾತ್ರಿ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಬೆಳಗಿನ ಪಾಳಿಯವರು ಬರಲಿಲ್ಲ, ಬರಲು ರಸ್ತೆಯೇ ಇರಲಿಲ್ಲ. ಒಳಗಿದ್ದವರು ಒಳಗೇ ಉಳಿದೆವು, ಸುಮಾರು 60 ಗಂಟೆ. ಹಾಸ್ಟೆಲ್ಲಿನ ಹುಡುಗಿಯರು ಮೊಣಕಾಲುದ್ದ ನೀರಿನಲ್ಲಿ ಬಂದು ಸೇರಿಕೊಂಡರು. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಮುಗಿದು ಗಂಜಿಗೆ ಇಳಿದೆವು. ಜನರೇಟರಿನ ಡೀಸೆಲ್ ಎಷ್ಟಿದೆಯೆಂದು ಗಂಟೆಗೊಮ್ಮೆ ಕೇಳಿಸಿಕೊಳ್ಳುತ್ತಿದ್ದೆ. ಸುಸ್ತಾಗಿ ಗೋಡೆಗೊರಗಿ ನಿಂತೇ ನಿದ್ದೆ ಹೋದವರಿದ್ದರು. ಈಗ ನೆನೆಸಿಕೊಂಡರೆ ಆಶ್ಚರ್ಯ: ಆ ಮೂರು ದಿನ ಒಬ್ಬರ ಮುಖದಲ್ಲೂ ನಾನು ಹೇಳುತ್ತಿರುವ ಆ ಯಾತನೆ ಇರಲಿಲ್ಲ. ಮಾಡಬೇಕಾದದ್ದು ಗೊತ್ತಿತ್ತು, ಮಾಡಿದರು. ದಣಿವು ನಿದ್ದೆಗೆ ಹೋಗುತ್ತದೆ.

ತಿಂಗಳ ಕೊನೆಗೆ ಹಾಜರಿ ಪಟ್ಟಿ ಬಂತು. ನೀರಿನಲ್ಲಿ ಸಿಕ್ಕಿ ಬರಲಾಗದವರಿಗೆ ಆ ದಿನಗಳ ಸಂಬಳ ಹಿಡಿಯಬೇಕೆಂದು ಮೇಲಿನಿಂದ ಅಪ್ಪಣೆ. ಅವರಲ್ಲಿ ಒಬ್ಬಳ ಮನೆಯ ಅಟ್ಟದವರೆಗೆ ನೀರು ಬಂದಿತ್ತು. ನಾನು ಎರಡು ಸಲ ಹೋಗಿ ಮಾತಾಡಿದೆ, ಮೂರನೆಯ ಸಲ "ನಿಮಗೆ ಮನಸ್ಸಿಲ್ಲದಿದ್ದರೆ ಬೇರೆಯವರು ಸಹಿ ಹಾಕುತ್ತಾರೆ" ಎಂದರು. ಸಹಿ ಹಾಕಿದೆ. 60 ಗಂಟೆ ನಿಂತ ಹುಡುಗಿಯರಲ್ಲಿ ನಾಲ್ವರು ಮಾರ್ಚ್ ಒಳಗೆ ಕೆಲಸ ಬಿಟ್ಟರು. ಅವರ ಸಂಬಳವನ್ನೇನೂ ಯಾರೂ ಮುಟ್ಟಿರಲಿಲ್ಲ. ಹೋಗುವಾಗ ಒಬ್ಬಳು, "ಆ ಪಟ್ಟಿಯಲ್ಲಿ ನಿಮ್ಮ ಸಹಿ ನೋಡಿದೆ ಮೇಡಂ" ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೀಗೆ ಒಳಗೆ ಉಳಿದುಬಿಡುವುದರ ಬಗ್ಗೆಯೂ ಪಂಡಿತರು ಬರೆದಿದ್ದಾರೆ. 2009ರಲ್ಲಿ ಎಲಿಜಬೆತ್ ಎಪ್‌ಸ್ಟೀನ್ ಮತ್ತು ಆನ್ ಹ್ಯಾಮ್ರಿಕ್ ಎಂಬಿಬ್ಬರು ವಿವರಿಸಿದ ಪ್ರಕಾರ, ಘಟನೆ ಮುಗಿದರೂ ಯಾತನೆ ಪೂರ್ತಿ ಇಳಿಯುವುದಿಲ್ಲ. ತಳದಲ್ಲಿ ಒಂದಿಷ್ಟು ಉಳಿಯುತ್ತದೆ, ಮುಂದಿನದು ಅದರ ಮೇಲಿಂದ ಏರಲು ಶುರುಮಾಡುತ್ತದೆ. ನಮ್ಮ ಈ ರಸ್ತೆಯ ಬೋರ್‌ವೆಲ್ ನೀರು ಕಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇವತ್ತಿನ ನೀರಿನದು ಮಾತ್ರವೆಂದು ಉಜ್ಜಿದರೆ ಹೋಗುವುದಿಲ್ಲ.

ನನ್ನ ಪಾತ್ರೆಯ ಅತಿ ಹಳೆಯ ಪೊರೆಯೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಸಭೆಯಲ್ಲಿ ಹೇಳುವಾಗ ಅರ್ಧಕ್ಕೆ ನಿಲ್ಲಿಸಿದ್ದೆ, ಅಚ್ಚಿನಲ್ಲಿ ಪೂರ್ತಿ ಇರಲಿ.

ಪ್ರವಾಹಕ್ಕೂ ಹಿಂದಿನ ಮಾತು. ಆಗ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಬಾಂಡ್ ಪದ್ಧತಿ ಇತ್ತು. ಕೆಲಸಕ್ಕೆ ಸೇರುವ ಹುಡುಗಿ ಇಷ್ಟು ವರ್ಷ ಬಿಡುವುದಿಲ್ಲವೆಂದು ಬರೆದುಕೊಟ್ಟು, ತನ್ನ ಮೂಲ ಸರ್ಟಿಫಿಕೇಟುಗಳನ್ನು ಒಪ್ಪಿಸಬೇಕು. ನಡುವೆ ಬಿಟ್ಟರೆ ಹಣ ಕಟ್ಟಬೇಕು. ನಮ್ಮಲ್ಲಿ ಆ ಸರ್ಟಿಫಿಕೇಟುಗಳು ನನ್ನ ಕೋಣೆಯ ಗಾಡ್ರೆಜ್ ಬೀರುವಿನಲ್ಲಿದ್ದವು. ಬೀಗದ ಕೈ ನನ್ನ ಸೊಂಟದಲ್ಲಿ. ಇಡುಕ್ಕಿ, ಕನ್ಯಾಕುಮಾರಿ, ತಿರುನೆಲ್ವೇಲಿಯ ಹೆಣ್ಣುಮಕ್ಕಳು ಬ್ಯಾಂಕ್ ಸಾಲ ಮಾಡಿ ಓದಿ ಸಂಪಾದಿಸಿದ ಹಾಳೆಗಳು, ಪ್ಲಾಸ್ಟಿಕ್ ಫೈಲುಗಳಲ್ಲಿ ಅಕ್ಷರಾನುಕ್ರಮವಾಗಿ. ಒಬ್ಬಳು ಒಂದು ಸಂಜೆ ಬಂದು, ಊರಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು, ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆ, ಸರ್ಟಿಫಿಕೇಟು ಬೇಕು ಎಂದಳು. ಬಾಂಡಿನಲ್ಲಿ ಇನ್ನು ಏಳು ತಿಂಗಳಿತ್ತು. ಅವಳ ಫೈಲು ನನ್ನ ಕುರ್ಚಿಯಿಂದ ಮೂರು ಹೆಜ್ಜೆ. "ಆಫೀಸಿನಲ್ಲಿ ಕೇಳಮ್ಮ" ಎಂದೆ. ಆಫೀಸಿನಲ್ಲಿ ಏನು ಹೇಳುತ್ತಾರೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

2012ರ ಮೊದಲ ತಿಂಗಳುಗಳಲ್ಲಿ ಚೆನ್ನೈನ ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳ ನರ್ಸುಗಳು ಸಂಬಳಕ್ಕಾಗಿ, ಬಾಂಡಿನ ವಿರುದ್ಧ ಮುಷ್ಕರಕ್ಕೆ ಇಳಿದರು. ಅದರ ಹಿಂದಿನ ವರ್ಷದ ಡಿಸೆಂಬರಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಕೇರಳದ ಇಬ್ಬರು ನರ್ಸುಗಳು ರೋಗಿಗಳನ್ನು ಹೊರಗೆ ಸಾಗಿಸುತ್ತಾ ತಾವೇ ಸತ್ತಿದ್ದರು. ಅವರನ್ನು ದೇಶವೆಲ್ಲ ದೇವತೆಗಳೆಂದಿತ್ತು. ಕೆಲವೇ ತಿಂಗಳಲ್ಲಿ ಅದೇ ವಯಸ್ಸಿನ ಹುಡುಗಿಯರು ರಸ್ತೆಗಿಳಿದು ಸಂಬಳ ಕೇಳಿದಾಗ, ರೋಗಿಗಳನ್ನು ಬಿಟ್ಟು ಬಂದವರು ಎಂದಿತು. ದೇವತೆಗಳಿಗೆ ಸಂಬಳದ ಮಾತು ಒಗ್ಗದು ನೋಡಿ. ನಮ್ಮ ಆಸ್ಪತ್ರೆಯಲ್ಲಿ ಮುಷ್ಕರ ಆಗಲಿಲ್ಲ, ಅದರ ಭಯ ಆಯಿತು. ಒಂದು ಸೋಮವಾರ ಸರ್ಟಿಫಿಕೇಟುಗಳನ್ನು ಹಂಚಿಬಿಡಿ ಎಂದು ನನಗೆ ಹೇಳಿದರು. ಬೀರು ತೆಗೆದು ಒಂದೊಂದೇ ಹೆಸರು ಕೂಗಿ ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ತೆಗೆದುಕೊಂಡ ನಾಚಿಕೆ ನನಗೆ ಇವತ್ತಿಗೂ ಇದೆ.

ಇದು ನನ್ನೊಬ್ಬಳ ಹೇಡಿತನದ ಕಥೆಯೆಂದು ಬಿಡಬಹುದು, ಒಂದು ಪಾಲು ಹೌದು ಕೂಡ. ಆದರೆ ಆ ಕುರ್ಚಿಯ ಕಟ್ಟಣೆಯನ್ನೂ ನೋಡಬೇಕು. ಭಾರತದಲ್ಲಿ ನರ್ಸಿಂಗ್ ತರಬೇತಿಗೆ ಮೊದಲ ಶಾಲೆ ಎದ್ದದ್ದು ಇದೇ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ, 1871ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೇಟ್ರನ್ ಎಂಬುವಳಿಗೆ ಹೊಣೆ ಪೂರ್ತಿ, ಹಣದ ಮೇಲೆ ಹಿಡಿತ ಇಲ್ಲ. ವಾರ್ಡಿನಲ್ಲಿ ತಪ್ಪಾದರೆ ಅವಳನ್ನು ಕರೆಯುತ್ತಾರೆ, ಎಷ್ಟು ಜನರನ್ನು ನೇಮಿಸಬೇಕು ಎಂದು ನಿರ್ಧರಿಸುವಾಗ ಕರೆಯುವುದಿಲ್ಲ. 1987ರಲ್ಲಿ ಕೇಂದ್ರ ಸರ್ಕಾರ ನರ್ಸುಗಳ ಸ್ಥಿತಿಗತಿ ನೋಡಲು ನೇಮಿಸಿದ ಉನ್ನತಾಧಿಕಾರ ಸಮಿತಿಯನ್ನು ನಡೆಸಿದವರು ನಮ್ಮ ಚೆನ್ನೈನವರೇ ಆದ ಸರೋಜಿನಿ ವರದಪ್ಪನ್. ನರ್ಸಿಂಗ್ ಅಲ್ಲದ ಕೆಲಸಗಳಿಂದ ನರ್ಸುಗಳನ್ನು ಬಿಡಿಸಿ ಎಂದು ಆ ಸಮಿತಿ ಹೇಳಿತ್ತು. ನಾನು ನಿವೃತ್ತಳಾಗುವ ವರ್ಷವೂ ನನ್ನ ಇನ್‌ಚಾರ್ಜ್ ಸಿಸ್ಟರ್‌ಗಳು ಲಿನನ್ ಎಣಿಸುತ್ತಿದ್ದರು, ಬಿಲ್ಲು ಕಟ್ಟದವರ ಹಿಂದೆ ಹೋಗುತ್ತಿದ್ದರು. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ನರ್ಸುಗಳ ಸಂಬಳ ಪರಿಶೀಲಿಸಲು ಸಮಿತಿ ಮಾಡಿ ಎಂದಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದ್ದರೆ ಸರ್ಕಾರಿ ನರ್ಸಿಗೆ ಸಮಾನವಾಗಿರಬೇಕು ಎಂದು ಆ ಸಮಿತಿ ಹೇಳಿತು. ಜಾರಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟರು. ಬಿಟ್ಟರು ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಎರಡೂ ಅರ್ಥ ಇದೆ.

ಈಗ ನಮ್ಮ ಕಡೆಯ ಒಬ್ಬ ಹುಡುಗಿಯ ವಿಷಯ. ಅದಕ್ಕೆ ಸ್ವಲ್ಪ ಹೊತ್ತು ಕೊಡಿ.

ನಾನು ನರ್ಸಿಂಗ್ ಸೇರುತ್ತೇನೆ ಎಂದಾಗ ಅಪ್ಪ ಬೇಡವೆಂದರು. ಕಾರಣ ಕೇಳಿದರೆ "ಹಳದೀಪುರದ ಶಾನಭಾಗರ ಮನೆ ಹುಡುಗಿಗೆ ಆದದ್ದು ಗೊತ್ತಿಲ್ಲವಾ" ಎಂದರು. ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್. 1973ರ ನವೆಂಬರ್ 27ರ ಸಂಜೆ, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅಲ್ಲಿಯದೇ ಒಬ್ಬ ವಾರ್ಡ್‌ಬಾಯ್ ನಾಯಿಯ ಸರಪಳಿಯನ್ನು ಅವಳ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ನಿಂತು ಹೋಯಿತು. ಅವಳಿಗೆ ಆಗ 25 ವರ್ಷ. ದೂರಿನಲ್ಲಿ ದಾಖಲಾದದ್ದು ದರೋಡೆ ಮತ್ತು ಕೊಲೆಯತ್ನ. ಅತ್ಯಾಚಾರದ ಮಾತೇ ಇರಲಿಲ್ಲ. ಅಪರಾಧಿ ಏಳು ವರ್ಷ ಶಿಕ್ಷೆ ಮುಗಿಸಿ ಹೊರಗೆ ಬಂದ. ಅವಳು 42 ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು, 2015ರ ಮೇ 18ರಂದು ಹೋಗುವವರೆಗೆ.

ಆ ನಾಲ್ಕು ದಶಕಗಳ ಬಗ್ಗೆ ಪತ್ರಿಕೆಗಳು ಅರುಣಾಳ ಕಡೆಯಿಂದ ಬರೆದವು, ಕಾನೂನಿನ ಕಡೆಯಿಂದ ಬರೆದವು. ನಾನು ಯಾವಾಗಲೂ ಓದಿದ್ದು ಡ್ಯೂಟಿ ಲಿಸ್ಟಿನ ಕಡೆಯಿಂದ. ದಿನಕ್ಕೆ ಮೂರು ಪಾಳಿ, 42 ವರ್ಷ. ಲೆಕ್ಕ ಹಾಕಿ, 45,000 ದಾಟುತ್ತದೆ. ಒಂದೊಂದು ಪಾಳಿಯಲ್ಲೂ ಯಾರೋ ಒಬ್ಬ ಸಿಸ್ಟರ್ ಇನ್ಯಾರದೋ ಹೆಸರಿನ ಮುಂದೆ ಆ ಕೋಣೆಯನ್ನು ಬರೆದಿದ್ದಾಳೆ. ಮೇಟ್ರನ್‌ಗಳು ಬದಲಾದರು, ನಿವೃತ್ತರಾದರು, ಅರುಣಾ ಮಲಗಿದಾಗ ಹುಟ್ಟಿಯೇ ಇರದಿದ್ದ ಹುಡುಗಿಯರು ಅವಳಿಗೆ ಊಟ ಮಾಡಿಸಿದರು. ಇಷ್ಟು ವರ್ಷದಲ್ಲಿ ಒಂದು ಬೆಡ್‌ಸೋರ್ ಕೂಡ ಆಗಿರಲಿಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿದೆ. ನಿಮಗೆ ಅದು ಒಂದು ವಾಕ್ಯ. ನಮ್ಮ ಕಸುಬಿನವರಿಗೆ ಅದು ಮೈ ನಡುಗಿಸುವ ಸಂಗತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ವಾರದೊಳಗೆ ಬೆನ್ನು ಕೆಂಪಾಗುತ್ತದೆ.

1980ರ ದಶಕದಲ್ಲಿ ಮಹಾನಗರಪಾಲಿಕೆ ಅವಳನ್ನು ಅಲ್ಲಿಂದ ಸಾಗಿಸಿ ಹಾಸಿಗೆ ಖಾಲಿ ಮಾಡಲು ಎರಡು ಸಲ ನೋಡಿತು. ನರ್ಸುಗಳು ಒಟ್ಟಾಗಿ ಅಡ್ಡ ನಿಂತರು, ಪಾಲಿಕೆ ಹಿಂದೆ ಸರಿಯಿತು. ನಾನು ಒಬ್ಬಳೇ ಮೂರು ಸಲ ಮೇಲಿನ ಕೋಣೆಗೆ ಹೋಗಿ ಬಂದು ಸಹಿ ಹಾಕಿದವಳು. ಅವರು ಒಬ್ಬೊಬ್ಬರಾಗಿ ಹೋಗಲಿಲ್ಲ. ನೈತಿಕ ಸ್ಥೈರ್ಯ ಎಂದು ಆಮಂತ್ರಣದಲ್ಲಿ ಅಚ್ಚಾದದ್ದನ್ನು ನಾನು ಕಂಡದ್ದು ಅಲ್ಲಿ. ಅದಕ್ಕೆ ಯಾರೂ ಅವರಿಗೆ ತರಬೇತಿ ಕೊಟ್ಟಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ನಿಲ್ಲಿಸಲಾಗದು. ಪತ್ರಕರ್ತೆ ಪಿಂಕಿ ವಿರಾನಿ ಅರುಣಾಳನ್ನು ಹೀಗೆ ಇರಿಸುವುದು ಅವಳಿಗೆ ಮಾಡುವ ಅನ್ಯಾಯ, ಊಟ ಕೊಡುವುದನ್ನು ನಿಲ್ಲಿಸಲು ಬಿಡಿ ಎಂದು ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ತೀರ್ಪು ಬಂತು. ಇವಳ ಪರವಾಗಿ ಮಾತಾಡುವ ನಿಜವಾದ ಆಪ್ತರು ಕೆಇಎಂ ಆಸ್ಪತ್ರೆಯ ಸಿಬ್ಬಂದಿ, ಅವರು ಬೇಡವೆನ್ನುತ್ತಾರೆ, ಹಾಗಾಗಿ ಅರ್ಜಿ ನಿಲ್ಲದು ಎಂದಿತು ಕೋರ್ಟು. ನರ್ಸುಗಳು ಸಿಹಿ ಹಂಚಿದರು. ಅದೇ ತೀರ್ಪು ಕೃತಕವಾಗಿ ಜೀವ ಹಿಡಿದಿಡುವುದನ್ನು ನಿಯಮಬದ್ಧವಾಗಿ ನಿಲ್ಲಿಸುವುದಕ್ಕೂ ಬಾಗಿಲು ತೆರೆಯಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಘನತೆಯಿಂದ ಸಾಯುವ ಹಕ್ಕೆಂದು ಗಟ್ಟಿ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು.

ಸಿಹಿ ಹಂಚಿದ ಆ ಫೋಟೋ ಕಂಡಾಗ ನನಗೆ ಸಂತೋಷವೂ ಆಯಿತು, ಏನೋ ಒಂದು ಕಸಿವಿಸಿಯೂ ಆಯಿತು. ಅವಳಿಗೆ ಏನು ಬೇಕಿತ್ತು? ಅಷ್ಟು ಪ್ರೀತಿಯಿಂದ ನೋಡಿಕೊಂಡವರಿಗೆ ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳದೆ ಇರಲಾರೆ. ತಮ್ಮವಳಿಗೆ ತಮ್ಮದೇ ಮನೆಯಲ್ಲಿ ಆದ ಅನ್ಯಾಯವನ್ನು ಅವರು 42 ವರ್ಷ ಸ್ನಾನ ಮಾಡಿಸಿ, ತಲೆ ಬಾಚಿ ತೊಳೆಯುತ್ತಿದ್ದರೇನೋ. ಹಾಗಿದ್ದರೆ ಆ ಆರೈಕೆಯಲ್ಲಿ ಒಂದು ಪಾಲು ಅವರಿಗಾಗಿಯೂ ಇತ್ತು. ಗಟ್ಟಿಯಾಗಿ ನಿಲ್ಲುವವರು ಯಾವಾಗಲೂ ಸರಿಯೇ ಇರುತ್ತಾರೆ ಎಂದು ನಂಬಿದರೆ ಇನ್ನೊಂದು ಬಗೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಂತೆ.

ಇನ್ನೊಂದು ರಾತ್ರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಸತ್ತವರು 24 ಎಂದರು ಮೊದಲು. ಹೈಕೋರ್ಟು ನೇಮಿಸಿದ ನ್ಯಾಯಮೂರ್ತಿ ವೇಣುಗೋಪಾಲ ಗೌಡರ ಸಮಿತಿ 36 ಎಂದಿತು. ಯಾರು ಕಳಿಸಬೇಕಿತ್ತು, ಯಾರು ತಡೆದರು ಎಂದು ದೊಡ್ಡವರ ನಡುವೆ ವಾದ ನಡೆಯಿತು. ಪೆರುಂಗುಡಿಯ ಮನೆಯಲ್ಲಿ ಕೂತು ಸುದ್ದಿ ಕೇಳಿದ ನನಗೆ ಬಂದ ಮೊದಲ ಯೋಚನೆ, ಆ ರಾತ್ರಿ ಡ್ಯೂಟಿಯಲ್ಲಿದ್ದ ಹಿರಿಯ ಸಿಸ್ಟರ್ ಯಾರಿರಬಹುದು ಎಂದು. ಪ್ರೆಷರ್ ಇಳಿಯುವುದನ್ನು ಮೊದಲು ನೋಡಿದವಳು ಅವಳು. ಯಾರ್ಯಾರಿಗೆ ಫೋನ್ ಮಾಡಿದಳು, ಫೋನಿನ ನಡುವೆ ಯಾವ ಹಾಸಿಗೆಯ ಕಡೆ ಓಡಿದಳು. ಮರುದಿನ ರಾತ್ರಿಯೂ ಅವಳಿಗೆ ಡ್ಯೂಟಿ ಇದ್ದಿರಬೇಕು, ಕೋವಿಡ್ ಕಾಲದಲ್ಲಿ ಆಫ್ ಎಲ್ಲಿಂದ ಬರಬೇಕು. ಆ ಮರುದಿನದ ಲಿಸ್ಟ್ ಬರೆದ ಕೈಯನ್ನು ನೆನೆಸಿಕೊಂಡು ನಾನು ಆ ದಿನ ಊಟ ಮಾಡಲಿಲ್ಲ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಕಸುಬಿನಲ್ಲಿ ಬಹಳ ಕೇಳಿದ್ದೇನೆ. ಗಾದೆಯ ಮೇಲೆ ಸಿಟ್ಟಿಲ್ಲ, ಅದನ್ನು ಯಾವಾಗಲೂ ತಾಳಬೇಕಿಲ್ಲದವರೇ ಹೇಳುತ್ತಾರೆ ಎಂಬುದು ನನ್ನ ತಕರಾರು. ಮೇ 12ರ ನರ್ಸಸ್ ಡೇಗೆ ಕೇಕು, ಉಸಿರಾಟದ ವ್ಯಾಯಾಮ ಹೇಳಿಕೊಡಲು ಒಬ್ಬ ತರಬೇತುದಾರ. 2020 ನರ್ಸುಗಳ ಮತ್ತು ಸೂಲಗಿತ್ತಿಯರ ಅಂತಾರಾಷ್ಟ್ರೀಯ ವರ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ವರ್ಷವೇ ತಟ್ಟೆ ಬಡಿದು ನಮಗೆ ವಂದಿಸಿದರು, ತಿಂಗಳೊಳಗೆ ಎಷ್ಟೋ ನರ್ಸುಗಳಿಗೆ ಮನೆ ಖಾಲಿ ಮಾಡಿ ಎಂದರು. ಸಿಂಡಾ ರಶ್ಟನ್ ಎಂಬ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ನೈತಿಕ ಸ್ಥೈರ್ಯದ ಬಗ್ಗೆ ಬಹಳ ಬರೆದಿದ್ದಾರೆ. ಪೆಟ್ಟು ತಿಂದ ಮೇಲೂ ತನ್ನತನವನ್ನು ಉಳಿಸಿಕೊಳ್ಳುವುದು ಅದರ ತಿರುಳು, ವ್ಯವಸ್ಥೆ ಬದಲಾಗದೆ ವ್ಯಕ್ತಿಯಿಂದ ಅದನ್ನು ಕೇಳಬಾರದು ಎಂದೂ ಅವರು ಎಚ್ಚರಿಸುತ್ತಾರೆ. ನಮ್ಮ ಆಡಳಿತದವರು ಮೊದಲ ಅರ್ಧ ಓದಿ ಪುಸ್ತಕ ಮುಚ್ಚುತ್ತಾರೆ.

ಹಾಗಾದರೆ ಬಿಟ್ಟು ಬರಬಹುದಿತ್ತಲ್ಲ ಎನ್ನುತ್ತೀರಿ. ಬಿಲ್ಲು ಮುರಿದು ಎದ್ದುಹೋದ ವಿದುರ ನಮ್ಮ ಕಡೆ ಎಲ್ಲರಿಗೂ ಪ್ರಿಯ. ನಾನೂ ರಾಜೀನಾಮೆ ಪತ್ರ ಎರಡು ಸಲ ಬರೆದಿಟ್ಟಿದ್ದೆ. ಕೊಡಲಿಲ್ಲ. ಮನೆ ಸಾಲ ಒಂದು ಕಾರಣ. ಇನ್ನೊಂದು, ನಾನು ಹೋದರೆ ಆ ಕುರ್ಚಿಗೆ ಬರುವವಳು ಮೂರು ಸಲವೂ ಮೇಲೆ ಹೋಗಿ ಕೇಳುವುದಿಲ್ಲ ಎಂಬ ಅಹಂಕಾರ. ಉಳಿದ ಮೇಲೆ ಏನಾದರೂ ಮಾಡಬೇಕಲ್ಲ. ಪ್ರವಾಹದ ಮರುವರ್ಷ, ಕೆಂಪು ರಟ್ಟಿನ ಒಂದು ನೋಟ್‌ಬುಕ್ ತಂದು ಐಸಿಯುವಿನಲ್ಲಿ ಇಟ್ಟೆ. ಪಾಳಿ ಮುಗಿದಾಗ ಇನ್‌ಚಾರ್ಜ್ ಆದವಳು ಅದರಲ್ಲಿ ಬರೆಯಬೇಕು: ಇವತ್ತು ಮಾಡಬೇಕಿತ್ತು, ಆಗಲಿಲ್ಲ. ತಪ್ಪು ಯಾರದೆಂದು ಬರೆಯಬೇಕಿಲ್ಲ. ಯಾವ ಹಾಸಿಗೆ, ಏನು, ಯಾಕೆ, ಅಷ್ಟೇ. ಮೊದಲ ತಿಂಗಳು ಯಾರೂ ಬರೆಯಲಿಲ್ಲ, ಹೆದರಿಕೆ. ನಾನೇ ಬರೆದೆ, ಪೆನ್ನಿನಲ್ಲಿ. "ಹಾಜರಿ ಪಟ್ಟಿಗೆ ಸಹಿ ಹಾಕಬಾರದಿತ್ತು, ಹಾಕಿದೆ." ಮಾರನೆಯ ದಿನದಿಂದ ಶುರುವಾಯಿತು. ತಮಿಳು, ಮಲಯಾಳ, ಇಂಗ್ಲಿಷ್. ಹದಿನೊಂದನೇ ಹಾಸಿಗೆಗೆ ನಾಲ್ಕು ಗಂಟೆ ಮಗ್ಗುಲು ಬದಲಿಸಲಾಗಲಿಲ್ಲ, ಇಬ್ಬರೇ ಇದ್ದೆವು. ಆರನೇ ಹಾಸಿಗೆಯ ಅಜ್ಜಿ ಮಗನನ್ನು ಕೇಳುತ್ತಿದ್ದರು, ಭೇಟಿ ಸಮಯ ಅಲ್ಲವೆಂದು ಕರೆಯಲಿಲ್ಲ, ಬೆಳಗಿನ ಜಾವ ಹೋದರು.

ಆಡಳಿತದವರು ಪುಸ್ತಕ ನೋಡಿ, ಇದು ಕೋರ್ಟಿಗೆ ಹೋದರೆ ಗತಿಯೇನು ಎಂದರು. ಅದೇ ಭಯ ನಮ್ಮ ಕೆಲಸಕ್ಕೆ ಬಂತು. ಐದಾರು ತಿಂಗಳಾದ ಮೇಲೆ ಒಂದು ಸಣ್ಣ ಅನುಮತಿ ಸಿಕ್ಕಿತು: ರಾತ್ರಿ ಪಾಳಿಗೆ ಎಂಟಕ್ಕಿಂತ ಕಡಿಮೆ ನರ್ಸುಗಳಿದ್ದರೆ ಸೂಪರಿಂಟೆಂಡೆಂಟ್ ಎರಡು ಹಾಸಿಗೆಗೆ ಹೊಸ ದಾಖಲಾತಿ ನಿಲ್ಲಿಸಬಹುದು. 18ರಲ್ಲಿ ಎರಡು. ಅದನ್ನು ಪಡೆದ ರಾತ್ರಿ ನಾನು ಒಂಬತ್ತು ಗಂಟೆಗೇ ಮಲಗಿದ್ದೆ. ಆದರೆ ಹಾಗೆ ನಿಲ್ಲಿಸಿದ ಒಂದು ರಾತ್ರಿ ಬೇರೆ ಕಡೆಗೆ ಕಳಿಸಿದ ಆಂಬುಲೆನ್ಸ್ ಒಂದಿದೆ. ಅದರೊಳಗಿದ್ದವರು ಏನಾದರೋ ಎಂಬ ಸಾಲೂ ಆ ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಇದೆ.

ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ನನ್ನ ಕೈಕೆಳಗೆ ಹೊಸಬಳಾಗಿ ಸೇರಿದ್ದ ಹುಡುಗಿ, ಈಗ ಬೇರೊಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಹಿಂದೆ ಮಾನಿಟರಿನ ಸದ್ದು ಕೇಳುತ್ತಿತ್ತು. "ಮೇಡಂ, ನಾಳೆ ನೈಟ್‌ಗೆ ಮೂವರಿಲ್ಲ. ಒಬ್ಬಳಿಗೆ ಜ್ವರ, ಆದರೂ ಬರುತ್ತೀನಿ ಅಂತಾಳೆ. ಹಾಕಿಬಿಡಲಾ?" ಎಂದಳು.

"ನಿನ್ನ ಹತ್ತಿರ ಪೆನ್ಸಿಲ್ ಇದೆಯಾ, ಪೆನ್ನಾ?" ಎಂದು ಕೇಳಿದೆ.

"ಪೆನ್ಸಿಲ್ ಮೇಡಂ."

"ಅದನ್ನು ಕೆಳಗಿಡು. ಯಾವ ಹಾಸಿಗೆ ನಿಲ್ಲಿಸಬಹುದು ಅಂತ ಮೊದಲು ಮೇಲಿನವರನ್ನು ಕೇಳು. ಒಬ್ಬಳೇ ಹೋಗಬೇಡ. ಇನ್‌ಚಾರ್ಜ್‌ಗಳನ್ನೆಲ್ಲ ಕರೆದುಕೊಂಡು ಹೋಗು."

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ಈಗಲೇ ಹೋಗಲಾ ಮೇಡಂ, ಬೆಳಿಗ್ಗೆ ಹೋಗಲಾ?" ಎಂದಳು.